ಕಾಳಿ ಸೇತುವೆ ದಾಟಿದ ಬಂಗಡೆ

ನನ್ನ ಕೈಗಳಿಗೆ ಸುಮ್ಮನಿರುವುದು ಗೊತ್ತಿಲ್ಲ. ಬಸ್ಸಿನಲ್ಲಿ ಕೂತರೆ ಟಿಕೆಟು ಮಡಚಿ ದೋಣಿ ಮಾಡುತ್ತೇನೆ. ಮದುವೆ ಮನೆಗೆ ಹೋದರೆ ಪಕ್ಕದವರ ಸೆರಗಿನ ಅಂಚಿನ ದಾರ ಎಳೆಯುತ್ತೇನೆ. ಇಂಥ ನನ್ನ ಕಣ್ಣಿಗೆ ಒಂದು ದಿನ ಮೊಬೈಲಿನಲ್ಲಿ ಜಾದೂ ಕಲಿಸುವ ವಿಡಿಯೋಗಳು ಬಿದ್ದವು. ಎರಡೇ ತಿಂಗಳಲ್ಲಿ ನಾಣ್ಯ ಮಾಯ ಮಾಡುವುದು, ಆರಿಸಿದ ಇಸ್ಪೀಟೆಲೆ ಹುಡುಕಿ ಕೊಡುವುದು, ಕರವಸ್ತ್ರದಡಿ ಚೆಂಡು ಅಡಗಿಸುವುದು ಎಲ್ಲವೂ ಬಂತು. ಬಂತು ಎಂದು ನಾನು ನಂಬಿದೆ!

ಅಂಕೋಲೆಯ ಬಾಳೆಗುಳಿ ಕ್ರಾಸಿನ ಹತ್ತಿರ ನಮ್ಮವರದೊಂದು, ಅಂದರೆ ನನ್ನ ಗಂಡನದೊಂದು, ಮೀನೂಟದ ಖಾನಾವಳಿ ಇದೆ. ಗಿರಾಕಿ ಹೇಳಿದ ಮೇಲೇ ಮೀನು ಹುರಿಯಬೇಕು ಎಂಬುದು ನಮ್ಮವರ ಸಿದ್ಧಾಂತ. ಅನ್ನ, ಸಾರು, ಕುಡಿಯಲು ಕೋಕಂನ ಸೋಲ್‌ಕಡಿ ಮೊದಲೇ ಬಡಿಸುತ್ತೇವೆ. ಫ್ರೈ ಬರಲು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಗಿರಾಕಿಗಳು ಕಾಲು ಅಲ್ಲಾಡಿಸುತ್ತಾರೆ, ವಾಚು ನೋಡುತ್ತಾರೆ, ಆಮೇಲೆ ರಸ್ತೆಯಾಚೆ ಹೊಸದಾಗಿ ತೆರೆದ ಹೋಟೆಲಿನ ಕಡೆ ನೋಡುತ್ತಾರೆ. ಅಲ್ಲಿ ಫ್ರೈ ಬೆಳಿಗ್ಗೆಯೇ ತಯಾರು. ಹೀಗೆ ನೋಡಿದವರು ಮರುವಾರ ಅಲ್ಲೇ ಕೂತಿರುತ್ತಿದ್ದರು. ಹೀಗೇ ಆದರೆ ಮಳೆಗಾಲಕ್ಕೆ ಬಾಗಿಲು ಹಾಕುವುದೇ ಸರಿ ಎಂದು ನಮ್ಮವರು ಊಟ ಬಿಟ್ಟು ಯೋಚಿಸತೊಡಗಿದ್ದರು.

"ಆ ಇಪ್ಪತ್ತು ನಿಮಿಷ ನಂಗೆ ಕೊಡಿ. ಒಂದೊಂದು ಟೇಬಲ್ಲಿಗೂ ಹೋಗಿ ಜಾದೂ ತೋರಿಸ್ತೆ. ಒಬ್ರೂ ಏಳೂದಿಲ್ಲ," ಎಂದೆ.

"ಸುಮಿ, ನಿಂಗೆ ಹುಷಾರಿಲ್ವನೇ? ಅವ್ರು ಬರೂದು ಮೀನು ತಿನ್ನೂಕೆ!" ಎಂದರು ನಮ್ಮವರು.

"ಮೀನೂ ತಿನ್ಲಿ, ಜಾದೂನೂ ನೋಡ್ಲಿ. ಎಂತಕ್ಕೆ ಬೇಡ?"

ಅವರು ಹಣೆ ಚಚ್ಚಿಕೊಂಡು ಅಡುಗೆಮನೆಗೆ ಹೋದರು. ಅದನ್ನೇ ಅನುಮತಿ ಎಂದು ಭಾವಿಸಿ ನಾನು ಕಾರ್ಯಪ್ರವೃತ್ತಳಾದೆ.

ಮೊದಲ ದಿನ ಇಸ್ಪೀಟು. "ಒಂದೆಲೆ ತೆಗೀರಿ" ಎಂದು ಕೈ ಚಾಚಿದೆ. ಗಿರಾಕಿಯ ಬಲಗೈ ಮೊಣಕೈವರೆಗೆ ಸಾರಿನಲ್ಲಿತ್ತು. ಎಡಗೈಯಲ್ಲಿ ತೆಗೀರಿ ಎಂದರೆ, "ಎಡಗೈಲಿ ಎಂತ ತಕ್ಕೊಳ್ಳೂದ್ರಾ, ಬಾಯಿ" ಎಂದು ನಾಚಿಕೊಂಡು ಬಲಗೈಯಲ್ಲೇ ತೆಗೆದರು. ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಬಾಯಿ ಎಂದೇ ಕರೆಯುವುದು. ಎಲೆಯನ್ನು ವಾಪಸು ಸೇರಿಸಿ, ಕಲಸಿ, ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದೆ. ಅಷ್ಟರಲ್ಲಿ ಪಕ್ಕದ ಟೇಬಲ್ಲಿನವರು ಕೂಗಿದರು: "ಹಳದಿ ಬೆರಳು ಮೂಡಿದ ಎಲೆ ನೋಡಿ, ಅದೇ ಇರ್ಬೇಕು!" ಅದೇ ಇತ್ತು! ಮಧ್ಯಾಹ್ನ ಮುಗಿಯುವುದರೊಳಗೆ ಐವತ್ತೆರಡೂ ಎಲೆಗಳ ಮೇಲೆ ಹಳದಿ ಬೆರಳು ಮೂಡಿ, ಯಾವುದು ಯಾರದೆಂದು ದೇವರಿಗೂ ತಿಳಿಯದಂತಾಯಿತು. ಸಂಜೆ ಎಲೆಗಳನ್ನು ಸೋಪಿನಲ್ಲಿ ತೊಳೆದು ಹಟ್ಟಿಕೇರಿಯ ನಮ್ಮ ಮನೆಯ ಅಂಗಳದಲ್ಲಿ ಒಣಗಹಾಕಿದೆ. ಕಾಗೆಗಳು ಹನ್ನೊಂದು ಎಲೆ ಹೊತ್ತೊಯ್ದವು.

ಎರಡನೆಯ ದಿನ ನಾಣ್ಯ. ಎಣ್ಣೆಗೈಯಿಂದ ಜಾರಿ ಒಬ್ಬರ ಸೋಲ್‌ಕಡಿಯೊಳಗೆ ಬಿತ್ತು. ಅವರು ಅದನ್ನು ಕುಡಿದು ಮುಗಿಸುವವರೆಗೆ ನಾನು ಲೋಟದ ತಳವನ್ನೇ ನೋಡುತ್ತಾ ನಿಂತಿದ್ದೆ. ಇನ್ನೊಂದು ಲೋಟ ಬೇಕೇ ಎಂದು ನಾನು ಕೇಳುತ್ತಿದ್ದೇನೆಂದು ತಿಳಿದು ಅವರು, "ಸಾಕು ಬಾಯಿ" ಎಂದರು.

ನನಗೆ ಜ್ಞಾನೋದಯವಾಯಿತು. ತಪ್ಪು ನನ್ನದಲ್ಲ, ಸಾಮಾನಿನದು! ಊಟದ ಟೇಬಲ್ಲಿಗೆ ಇಸ್ಪೀಟು, ನಾಣ್ಯ ಯಾಕೆ? ಅಲ್ಲಿ ಇರುವುದನ್ನೇ ಮಾಯ ಮಾಡಬೇಕು. ಅಂದರೆ ಹುರಿದ ಬಂಗಡೆ ಮೀನನ್ನು! ಪ್ಲೇಟಿನ ಮೇಲೆ ಕರವಸ್ತ್ರ ಹೊದಿಸಬೇಕು, ಎತ್ತುವಾಗ ಮೀನನ್ನೂ ಸೇರಿಸಿ ಎತ್ತಬೇಕು, ಸೊಂಟದ ಸೆರಗಿನ ಮಡಿಕೆಗೆ ಸಿಕ್ಕಿಸಬೇಕು. ಆಮೇಲೆ ಬೇರೊಂದು ಖಾಲಿ ಪಾತ್ರೆಯ ಮುಚ್ಚಳದಡಿಯಿಂದ ಹೊರತೆಗೆಯಬೇಕು. ಹತ್ತು ದಿನ ಅಭ್ಯಾಸ ಮಾಡಿದೆ. ಮೀನು ಹಾಳು ಮಾಡಬಾರದೆಂದು ಬಾಳೆಕಾಯಿಯಲ್ಲಿ ಅಭ್ಯಾಸ ಮಾಡಿದೆ. ಬಾಳೆಕಾಯಿ ಎಷ್ಟು ವಿಧೇಯ ವಸ್ತು ಎಂದು ಆಮೇಲೆ ತಿಳಿಯಿತು.

ಅಭ್ಯಾಸ ಮುಗಿದ ಶನಿವಾರ ಊರಿನ ಶಾಲೆಯ ಮಾಸ್ತರರು ಬಂದರು. ಮಗನ ಮದುವೆ ಅಂಕೋಲೆಯಲ್ಲಿ, ಮದುವೆಯ ಮರುದಿನ ನೂರೈವತ್ತು ಜನರಿಗೆ ಮೀನೂಟ. ಅದರ ಆರ್ಡರು ನಮಗೋ ಎದುರಿನ ಹೋಟೆಲಿಗೋ ಎಂದು ರುಚಿ ನೋಡಿ ಹೇಳುವವರಿದ್ದರು. ಈ ಆರ್ಡರು ಸಿಕ್ಕರೆ ಮಳೆಗಾಲ ದಾಟಬಹುದು ಎಂದು ನಮ್ಮವರು ಬೆಳಿಗ್ಗೆಯಿಂದ ಮೂರು ಸಲ ಟೇಬಲ್ಲು ಒರೆಸಿದ್ದರು.

ಮಾಸ್ತರರು ಸ್ವತಃ ತಿನ್ನಲಿಲ್ಲ. ಆಗಷ್ಟೇ ಪ್ರೆಸ್ಸಿನಿಂದ ಲಗ್ನಪತ್ರಿಕೆಗಳನ್ನು ತಂದಿದ್ದರು. ಮೊದಲ ಪತ್ರಿಕೆಗೆ ಅರಿಶಿನ ಕುಂಕುಮ ಹಚ್ಚಿ ಬಟ್ಟೆಚೀಲದಲ್ಲಿ ಮೇಲೆಯೇ ಇಟ್ಟಿದ್ದರು. ಊಟ ಮುಗಿದ ಕೂಡಲೇ ಚಿತ್ತಾಕುಲದ ಕುಲದೇವರ ಗುಡಿಗೆ ಹೋಗಿ ಅದನ್ನು ದೇವರೆದುರು ಇಡಬೇಕಿತ್ತು. ಹಾಗಾಗಿ ಅವರಿಗೆ ಬರೀ ಅನ್ನ ತೊವ್ವೆ. ರುಚಿ ನೋಡಲು ಹೆಂಡತಿಯನ್ನೂ ಭಾವಮೈದ ನಾಣುವನ್ನೂ ಕರೆತಂದಿದ್ದರು. ಚೀಲವನ್ನು ಬಾಯಿ ಕಟ್ಟದೆಯೇ ಟೇಬಲ್ಲಿನ ಕಾಲಿಗೆ ಒರಗಿಸಿ ನೆಲದ ಮೇಲೆ ಇಟ್ಟರು. ಅಂದರೆ ನನ್ನ ಪಾದದ ಪಕ್ಕ!

ನಮ್ಮವರು ಅಡುಗೆಮನೆಯಿಂದ ಕಣ್ಸನ್ನೆಯಲ್ಲಿ ಬೇಡ ಬೇಡ ಎನ್ನುತ್ತಿದ್ದರು. ಆದರೆ ನಾಣು ಕಾಲು ಅಲ್ಲಾಡಿಸಲು ಶುರುಮಾಡಿದ್ದ. ನನ್ನ ಕೈ ಕೇಳಬೇಕಲ್ಲ! ಮೊದಲ ಬಂಗಡೆ ಬಂದದ್ದೇ ಕರವಸ್ತ್ರ ಹೊದಿಸಿದೆ. "ಮಹನೀಯರೇ, ಮಹಿಳೆಯರೇ" ಎಂದೆ. ಒಂದು, ಎರಡು, ಮೂರು. ಎತ್ತಿದೆ. ಪ್ಲೇಟು ಖಾಲಿ!

"ಅಬ್ಬಾ!" ಎಂದ ನಾಣು. ಮಾಸ್ತರರ ಹೆಂಡತಿ ಚಪ್ಪಾಳೆ ತಟ್ಟಿದರು. ನನಗೆ ಜನ್ಮ ಸಾರ್ಥಕ ಎನಿಸಿತು. ನಂತರ ಗಂಭೀರವಾಗಿ ಸೊಂಟಕ್ಕೆ ಕೈ ಹಾಕಿದೆ. ಸೊಂಟದಲ್ಲಿ ಮೀನಿಲ್ಲ. ಬೆನ್ನ ಹಿಂದೆ ನೋಡಿದೆ. ಇಲ್ಲ. ಟೇಬಲ್ಲಿನಡಿ ಬಗ್ಗಿ ನೋಡಿದೆ. ಅಲ್ಲೂ ಇಲ್ಲ. ನಿಜವಾಗಿಯೂ ಮಾಯವಾಗಿತ್ತು!

"ಅದು ಈಗ ಸಮುದ್ರಕ್ಕೆ ವಾಪಸ್ಸು ಹೋಯ್ತು," ಎಂದೆ, ಬೆವರು ಒರೆಸಿಕೊಳ್ಳುತ್ತಾ.

ಎಲ್ಲರೂ ನಕ್ಕರು. ನಮ್ಮವರು ಬೇರೆ ಬಂಗಡೆ ತಂದುಕೊಟ್ಟರು. ನಾಣು ಒಂದಲ್ಲ, ಮೂರು ತಿಂದ. ಕೈ ತೊಳೆದು ಬಂದ ಮಾಸ್ತರರು, "ಆಯ್ತು, ಆರ್ಡರು ನಿಮ್ಗೇ" ಎಂದು ಹೇಳಿ ಫೋನ್ ನಂಬರು ಬರೆಸಿ, ಚೀಲ ಹೆಗಲಿಗೇರಿಸಿ ಕಾರು ಹತ್ತಿದರು. ನಮ್ಮವರು ನನ್ನನ್ನು ನೋಡಿ ನಕ್ಕರು. ಮದುವೆಯಾದ ಮೇಲೆ ಅವರು ಹಾಗೆ ನಕ್ಕಿದ್ದು ಅದು ಎರಡನೆಯ ಸಲ.

ನಮ್ಮ ಖಾನಾವಳಿಯ ಬೆಕ್ಕು ಬಂದು, ಚೀಲ ಇದ್ದ ಜಾಗವನ್ನು ನೆಕ್ಕತೊಡಗಿತು. ಬಗ್ಗಿ ನೋಡಿದೆ. ಹುರಿದ ರವೆಯ ಪುಡಿ ನಾನು ನಿಂತಿದ್ದಲ್ಲಿಂದ ಟೇಬಲ್ಲಿನ ಕಾಲಿನವರೆಗೆ ಸಾಲಾಗಿ ಬಿದ್ದಿತ್ತು. ನನ್ನ ಸೀರೆಯ ನೆರಿಗೆಯ ಮೇಲೂ ಅದೇ ದಾರಿಯಲ್ಲಿ ಎಣ್ಣೆಯ ಗೆರೆ.

"ಕೇಳ್ತ್ರಾ, ಬಂಗಡೆ ಮಾಸ್ತರರ ಚೀಲದಾಗೆ ಅದೆ," ಎಂದೆ.

ನಮ್ಮವರ ನಗು ಅಲ್ಲಿಗೇ ನಿಂತಿತು. "ಲಗ್ನಪತ್ರಿಕೆ ಮೇಲಾ?"

"ದೇವರ ಪತ್ರಿಕೆ ಮೇಲೆ."

ಅವರು ಒಂದು ಗಳಿಗೆ ಬಾಗಿಲ ಕಡೆ ನೋಡಿದರು. "ಸುಮ್ನೆ ಇದ್ರೆ ಯಾರಿಗೂ ಗೊತ್ತಾಗೂದಿಲ್ಲ. ಆರ್ಡರೂ ಉಳೀತದೆ," ಎಂದರು. ನನಗೂ ಹಾಗೇ ಅನಿಸಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ಮನುಷ್ಯ ಮೀನು ಮುಟ್ಟದೆ ಬರೀ ತೊವ್ವೆ ತಿಂದು ಎದ್ದಿದ್ದರು. ಮಗನ ಮೊದಲ ಪತ್ರಿಕೆ ಅದು. ನಾನು ಬಾಯಿ ತೆರೆಯುವ ಮೊದಲೇ ಅವರೇ, "ಥೋ, ಬೇಡ, ಫೋನ್ ಮಾಡು" ಎಂದರು.

ಮದುವೆ ಮನೆಯವರ ಫೋನು! ಒಂಬತ್ತು ಸಲ ಮಾಡಿದೆ, ಒಂಬತ್ತು ಸಲವೂ ಬ್ಯುಸಿ. ನಮ್ಮವರು ಒಲೆ ಆರಿಸಿ ಸ್ಕೂಟಿ ತೆಗೆದರು. ನಾನು ಹಿಂದೆ ಕೂತೆ. ನನ್ನ ಕೈ ಸುಮ್ಮನಿರದೆ ಅವರ ಅಂಗಿಯ ಹಿಂಭಾಗವನ್ನು ಮಡಚುತ್ತಾ ಬಿಡಿಸುತ್ತಾ ಇತ್ತು.

"ಆ ಕೈ ಒಂದು ಸುಮ್ನೆ ಇಟ್ಕೋ ಮಾರಾಯ್ತಿ!" ಎಂದು ಹೆದ್ದಾರಿಯ ಸುರಂಗದೊಳಗೆ ಅವರು ಕೂಗಿದ್ದು ನಾಲ್ಕು ಸಲ ಪ್ರತಿಧ್ವನಿಸಿತು.

ಕಾರವಾರ ದಾಟಿ, ಕಾಳಿ ಸೇತುವೆ ದಾಟಿ ಗುಡಿ ತಲುಪಿದಾಗ, ದಾರಿಯಲ್ಲಿ ಹೂಕಾಯಿ ಕೊಳ್ಳಲು ನಿಂತಿದ್ದ ಮಾಸ್ತರರು ಆಗಷ್ಟೇ ಮೆಟ್ಟಿಲ ಕೆಳಗಿನ ನಲ್ಲಿಯಲ್ಲಿ ಕಾಲು ತೊಳೆದು, ಪತ್ರಿಕೆ ತೆಗೆಯಲು ಚೀಲಕ್ಕೆ ಕೈ ಹಾಕಿದ್ದರು.

"ತೆಗೀಬೇಡಿ ಮಾಸ್ತರ್ರೇ!" ಎಂದು ಸ್ಕೂಟಿ ನಿಲ್ಲುವ ಮೊದಲೇ ಕಿರುಚಿದೆ.

ಅವರು ಬೆಚ್ಚಿಬಿದ್ದು ಕೈ ಹೊರಗೆಳೆದರು. ಕೈಯಲ್ಲಿ ಬಂಗಡೆ! ಬಾಲ ಅವರ ಹಿಡಿತದಲ್ಲಿ, ತಲೆ ನನ್ನ ಕಡೆ.

ಮೊದಲು ಸದ್ದು ಮಾಡಿದ್ದು ನಾಣು. ಮೆಟ್ಟಿಲ ಮೇಲೆ ಕೂತಿದ್ದವನು ಎದ್ದು ನಿಂತು ಚಪ್ಪಾಳೆ ತಟ್ಟಿದ. "ಅಂಕೋಲೆಲಿ ಮಾಯ, ಚಿತ್ತಾಕುಲದಲ್ಲಿ ಪ್ರತ್ಯಕ್ಷ! ಬಾಯಿ, ಇಂಥದ್ದು ನಾ ಕಂಡದ್ದೇ ಇಲ್ಲ!"

"ನಾ ಕಾರವಾರದಿಂದ ಹೇಳ್ತೇ ಇದ್ದೆ, ಕಾರಲ್ಲಿ ಮೀನು ವಾಸನೆ ಅಂತ," ಎಂದು ಮಾಸ್ತರರ ಹೆಂಡತಿ ಗಂಡನ ಮೇಲೆ ಹರಿಹಾಯ್ದರು. "ಅದು ಬಂದರಿನ ವಾಸನೆ, ಗಾಜು ಏರಿಸು ಅಂದ್ರಿ!"

ಮಾಸ್ತರರು ಮೀನನ್ನು ದೂರ ಇಟ್ಟು, ಮತ್ತೆ ಕೈ ತೊಳೆದು, ಮೇಲಿನ ಪತ್ರಿಕೆ ತೆಗೆದರು. ವಧೂವರರ ಹೆಸರಿನ ಮೇಲೆ ಬಂಗಡೆ ಮಲಗಿದ ಗುರುತು ಅಚ್ಚಿನಂತೆ ಮೂಡಿತ್ತು. ನಾನು, ಇದು ಜಾದೂ ಅಲ್ಲ, ಮೀನು ಜಾರಿದ್ದು ನನ್ನ ಸೊಂಟದಿಂದ ಎಂದು ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ. ಕೆಳಗಿನ ಕಟ್ಟುಗಳು ಕಾಗದ ಸುತ್ತಿದ್ದರಿಂದ ಉಳಿದಿದ್ದವು. ನಮ್ಮವರು ಮೆಲ್ಲಗೆ, "ಇವ್ಳ ಅಕ್ಷರ ಚಂದ ಅದೆ. ನಮ್ಮ ಬೋರ್ಡು ಬರೆಯೂದು ಇವ್ಳೇ" ಎಂದರು. ಕೈ ತೊಳೆದುಕೊಂಡು ಹೊಸ ಪತ್ರಿಕೆಯ ಮೇಲೆ ದೇವರ ಹೆಸರು ಬರೆದೆ. ಗುಡಿಯ ಅರ್ಚಕರು ಅರಿಶಿನ ಕುಂಕುಮ ಕೊಟ್ಟರು. ಮಾಸ್ತರರು ಅದನ್ನು ದೇವರೆದುರು ಇಟ್ಟು ಬರುವವರೆಗೆ ನಾವಿಬ್ಬರೂ ನಲ್ಲಿಯ ಹತ್ತಿರ ನಿಂತಿದ್ದೆವು.

ಹೊರಗೆ ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಹೇಳ್ದೇ ಇದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ, ಬೆಕ್ಕು ಹೊಕ್ಕಿರ್ಬೇಕು ಅಂದ್ಕೊಳ್ತಿದ್ದೆ," ಎಂದರು. ನಂತರ ನಮ್ಮವರ ಕಡೆ ತಿರುಗಿದರು. "ಊಟ ನಿಮ್ದೇ. ಒಂದೇ ಷರತ್ತು. ಬಡಿಸೂಕೆ ಬಂದಾಗ ಈ ಬಾಯಿಯವ್ರ ಎರಡೂ ಕೈ ನಂಗೆ ಕಾಣ್ತಾ ಇರ್ಬೇಕು."

ಕಾಣುತ್ತಲೇ ಇದ್ದವು. ಮದುವೆಯ ಮೀನೂಟದುದ್ದಕ್ಕೂ ನಾನು ಎರಡೂ ಕೈಯಲ್ಲಿ ಸಾರಿನ ಬಕೆಟ್ಟು ಹಿಡಿದು ನಿಂತಿದ್ದೆ. ಆದರೆ ನಾಣು ಸುಮ್ಮನಿರಲಿಲ್ಲ. ನೂರೈವತ್ತು ಜನರಿಗೂ ಕಥೆ ಹೇಳಿದ. ಮರುದಿನದಿಂದ ಗಿರಾಕಿಗಳು ನಮ್ಮ ಬಾಗಿಲಲ್ಲಿ ನಿಂತು, ಚೀಲವನ್ನು ಎದೆಗವಚಿಕೊಂಡು, "ಇವತ್ತು ಜಾದೂ ಅದ್ಯಾ?" ಎಂದು ಕೇಳಿ ಎದುರಿನ ಹೋಟೆಲಿಗೆ ಹೋಗತೊಡಗಿದರು. ನಾಲ್ಕನೆಯ ದಿನ ನಮ್ಮವರು ಒಂದು ಹೊಸ ಬೋರ್ಡು ತಂದು ನನ್ನೆದುರು ಇಟ್ಟರು.

ಈಗ ಬಾಳೆಗುಳಿಯ ಕಡೆ ಹೋದವರು ಅದನ್ನು ನೋಡಬಹುದು. "ಬಿಸಿ ಮೀನೂಟ ಸಿಗುತ್ತದೆ. ಜಾದೂ ಇರುವುದಿಲ್ಲ." ಅದನ್ನು ಓದಿದ ಮೇಲೆ ಜನ ನಿಶ್ಚಿಂತರಾಗಿ ಒಳಗೆ ಬಂದು, ಚೀಲ ಕೆಳಗಿಟ್ಟು, ಫ್ರೈಗಾಗಿ ಇಪ್ಪತ್ತು ನಿಮಿಷ ತಾಳ್ಮೆಯಿಂದ ಕಾಯುತ್ತಾರೆ. ಮಧ್ಯಾಹ್ನ ಕೂರಲು ಜಾಗ ಸಿಗುವುದಿಲ್ಲ. ಬೋರ್ಡಿನ ಅಕ್ಷರ ಬಹಳ ಚಂದ ಇದೆ ಎಂದು ಎಲ್ಲರೂ ಹೊಗಳುತ್ತಾರೆ. ಹೌದು, ಬರೆದವಳು ನಾನೇ!