ಒರೆಸಿದ್ದಕ್ಕೆ ಸಾಕ್ಷಿ

ವಾದದಲ್ಲಿ ಸೋತವನು ಮನೆಗೆ ಹೋಗುವ ದಾರಿಯಲ್ಲಾದರೂ ಸ್ವಲ್ಪ ಯೋಚಿಸುತ್ತಾನೆ. ಗೆದ್ದವನಿಗೆ ಆ ತಾಪತ್ರಯ ಇರುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ನನಗೆ ಯೋಚಿಸುವ ಅಭ್ಯಾಸವೇ ತಪ್ಪಿಹೋಗಿದೆ ಎಂಬುದು ತಿಳಿದದ್ದು ಅಫಜಲಪುರದ ನಮ್ಮ ಮನೆಯ ಗಾಜಿನ ಮೀನಿನ ತೊಟ್ಟಿಯಿಂದ. ಹೆಸರಿಗೆ ಅದು ಮೀನಿನದು, ನಿಜವಾಗಿ ಅವ್ವನ ತೋಟ. ಬೇಸಿಗೆಯಲ್ಲಿ ನಮ್ಮ ಮಾಳಿಗೆಯ ಕುಂಡಗಳಲ್ಲಿ ಏನಿಟ್ಟರೂ ಮಧ್ಯಾಹ್ನದೊಳಗೆ ಹಪ್ಪಳವಾಗುತ್ತದೆ. ಅದಕ್ಕೇ ಅವ್ವ ತೋಟವನ್ನು ನೀರಿನೊಳಗೇ ಬೆಳೆಸಿದಳು. ಗಿಡಗಳಿಗೆ ಬೇಕಾದ ದ್ರವಗೊಬ್ಬರವನ್ನು ಬಾಟಲಿಯ ಮುಚ್ಚಳದಲ್ಲಿ ಅಂದಾಜಿನ ಮೇಲೆ ಹಾಕುತ್ತಿದ್ದಳು. ಅಂದಾಜು ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ವಾದಿಸಿ ಒಪ್ಪಿಸಿ, ಹನಿಹನಿಯಾಗಿ ಗೊಬ್ಬರ ಬಿಡುವ ಡೋಸಿಂಗ್ ಪಂಪ್ ತರಿಸಿದೆ. ಅಂಗೈ ಅಗಲದ ಯಂತ್ರ, ಒಳಗೆ ಮೆತ್ತನೆಯ ನಳಿಗೆ. ಪುಟ್ಟ ರೋಲರ್‌ಗಳು ತಿರುಗುತ್ತಾ, ಆಕಳ ಮೊಲೆ ಹಿಂಡಿದ ಹಾಗೆ, ಅದನ್ನು ಒತ್ತಿ ಒತ್ತಿ ಗೊಬ್ಬರವನ್ನು ಮುಂದಕ್ಕೆ ತಳ್ಳುತ್ತವೆ.

ಕೆಲವು ತಿಂಗಳಿಗೆ ಅದು ಕಿರುಗುಟ್ಟತೊಡಗಿತು.

“ತಮ್ಮಾ, ಅದು ಒದರಾಕತ್ತದ. ಒಂದೀಟು ಬಿಚ್ಚಿ ನೋಡು,” ಎಂದಳು ಅವ್ವ.

“ತಿರುಗೋ ವಸ್ತು ಸಪ್ಪಳ ಮಾಡ್ತದ ಬೇ ಯವ್ವಾ. ಸಪ್ಪಳ ಅಂದ್ರ ರೋಗ ಅನ್ನೂದಕ್ಕ ಸಾಕ್ಷಿ ಏನದ?”

“ಎಲಿ ಹಳದಿ ಆಗ್ಯಾವಲ್ಲ.”

“ಅದಕ್ಕ ಬೆಳಕೂ ಕಾರಣ ಇರಬಹುದು.”

ಅವ್ವ ಸುಮ್ಮನಾದಳು, ನಾನು ಗೆದ್ದೆ. ಎಲೆಗಳು ಮಾತ್ರ ತೀರ್ಪನ್ನು ಒಪ್ಪದೆ ಇನ್ನಷ್ಟು ಹಳದಿಯಾದವು.

ಸುಮ್ಮನಾದ ಅವ್ವ ಸುಮ್ಮನೆ ಕೂಡುವವಳಲ್ಲ. ನಮ್ಮ ಮನೆಯಲ್ಲಿ ಬಾಗಿಲು ಕಿರುಗುಟ್ಟಲಿ, ಹೊಲಿಗೆ ಯಂತ್ರ ಮುನಿಯಲಿ, ಮದ್ದು ಒಂದೇ: ಕುಸುಬಿ ಎಣ್ಣೆ. ನಾನಿಲ್ಲದಾಗ ಪಂಪಿನ ಸಂದಿಯಲ್ಲೂ ನಾಲ್ಕು ಹನಿ ಬಿಟ್ಟಳು. ಸಪ್ಪಳ ನಿಂತಿತು. ಗೊಬ್ಬರವೂ ನಿಂತಿತು.

“ಐತವಾರದೊಳಗ ಇದು ನೆಟ್ಟಗಾಗ್ಲಿಲ್ಲಂದ್ರ ಗಿಡ ಎಲ್ಲಾ ಯಡ್ರಾಮಿ ಊರಾಗಿನ ಕಾಕಿಗೆ ಕೊಡ್ತೇನಿ. ಅಲ್ಲ್ಯಾದ್ರೂ ಬದುಕ್ಲಿ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಉತ್ತರ ಕೊಡಬಹುದಿತ್ತು.

ಅಂತೂ ಮುಚ್ಚಳ ಬಿಚ್ಚಿದೆ. ರೋಲರ್‌ಗಳು ಎಣ್ಣೆಯಲ್ಲಿ ಹಿಡಿತ ತಪ್ಪಿ ಜಾರುತ್ತಿದ್ದವು. “ನೋಡಿದ್ಯಾ ನಿನ್ನ ಎಣ್ಣಿ ಪ್ರತಾಪ?” ಎಂದೆ.

ಅವ್ವ ಕನ್ನಡಕ ಏರಿಸಿ ಬಗ್ಗಿದಳು. “ಎಣ್ಣಿ ಮ್ಯಾಲಿಂದು. ಕೆಳಗ ಬೆಳ್ಳಗ ಗಟ್ಟಿಯಾಗೇದಲ್ಲ, ಅದೇನು? ಎಲಿ ಹಳದಿ ಆಗಿದ್ದು ನಾ ಎಣ್ಣಿ ಬಿಡೂಕಿಂತ ಮೊದ್ಲು.”

ಅದು ಸವೆದ ನಳಿಗೆಯಿಂದ ಜಿನುಗಿ ಒಣಗಿದ ಗೊಬ್ಬರದ ಉಪ್ಪು. “ಇಬ್ಬರದೂ ತಪ್ಪದ,” ಎಂದು ರಾಜಿಗೆ ಬಂದೆ. “ನಿಂದು ಮೊದ್ಲು,” ಎಂದಳು.

ರೋಲರ್‌ಗಳನ್ನು ಬಿಡಿಸಿ, ಬೆಚ್ಚಗಿನ ಸಾಬೂನು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ತೊಳೆದು, ಒಣಗಿಸಿ, ಹೊಸ ನಳಿಗೆ ಕೂಡಿಸಿದೆ. ತಿಕ್ಕುವಾಗ ಬೇರೆ ಕೆಲಸವಿಲ್ಲದ ತಲೆ ಯೋಚಿಸತೊಡಗಿತು. ಚರ್ಚೆ ಮುಗಿಯಿತೆಂದು ಗಂಟೆ ಬಾರಿಸುತ್ತಾರೆ, ಗೆದ್ದವನು ಇಳಿದು ಹೋಗುತ್ತಾನೆ. ರೋಲರ್‌ಗೆ ಗಂಟೆಯಿಲ್ಲ. ಇಂದು ಒರೆಸಿದ್ದರ ಮೇಲೆ ನಾಳೆ ಧೂಳು ಕೂರುತ್ತದೆ, ನಿನ್ನೆಯ ಜಯವನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆರೈಕೆ ಎಂದರೆ ಒಮ್ಮೆ ತೀರ್ಮಾನಿಸಿ ಮುಗಿಸುವ ವಿಷಯ ಎಂದುಕೊಂಡಿದ್ದೆ.

ಗಿಡಗಳು ಯಡ್ರಾಮಿಗೆ ಹೋಗಲಿಲ್ಲ, ಹಸಿರು ಚಿಗುರು ಬಂತು. ಆದರೆ ಈಗ ತಿಂಗಳಿಗೊಮ್ಮೆ ರೋಲರ್ ಒರೆಸಬೇಕು, ಆಮೇಲೆ ಅವ್ವನ ಮುಂದೆ ನನ್ನ ವಿಚಾರಣೆ ನಡೆಯುತ್ತದೆ. ಒರೆಸಿದ ಬಟ್ಟೆ ತೋರಿಸಬೇಕು. ಮೊದಲ ಸಲ ಅದರ ಮೇಲೆ ಕೊಳೆಯಿತ್ತು, ಪಾಸಾದೆ. ಈ ಸಲ ಅವಳು ಬಟ್ಟೆಯನ್ನು ಎರಡೂ ಬದಿ ತಿರುಗಿಸಿ ನೋಡಿದಳು.

“ಸ್ವಚ್ಛ ಅದಲ್ಲ.”

“ರೋಲರ್ ಸ್ವಚ್ಛ ಇದ್ವು, ಅದಕ್ಕ.”

“ಇಲ್ಲಾ, ನೀ ಒರಸೇ ಇಲ್ಲ, ಅದಕ್ಕ.”

ಬಟ್ಟೆ ಒಂದೇ, ಎರಡೂ ವಾದಕ್ಕೆ ಸರಿಹೊಂದುತ್ತದೆ. ನಾನು ನಿಜವಾಗಿಯೂ ಒರೆಸಿದ್ದೆ. ಆದರೆ ‘ನಿಜವಾಗಿಯೂ’ ಎಂಬುದು ಸಾಕ್ಷಿಯಲ್ಲ ಎಂದು ನಮ್ಮ ಮನೆಗೆ ಕಲಿಸಿದವನೂ ನಾನೇ. ಅವ್ವ ಕುರ್ಚಿ ಎಳೆದುಕೊಂಡು ತೊಟ್ಟಿಯ ಎದುರು ಕೂತಳು. ನಾನು ಸ್ಕ್ರೂಡ್ರೈವರ್ ಹುಡುಕಿ ತಂದು, ಅವಳ ಕಣ್ಣೆದುರೇ, ಸ್ವಚ್ಛವಾಗಿದ್ದ ರೋಲರ್‌ಗಳನ್ನು ಮತ್ತೊಮ್ಮೆ ಬಿಚ್ಚಿದೆ.