ಲಿಂಗಯ್ಯ ದೊರೆಯ ಗಾಲ್ಫು

ಬೇರೆಯವರನ್ನು ಮನಸಾರೆ ಮೆಚ್ಚಿಕೊಳ್ಳುವುದು ನನಗೆ ಒಗ್ಗದ ಕೆಲಸ. ಯಾರಾದರೂ ಚೆನ್ನಾಗಿ ಹಾಡಿದರೆ ‘ಶಾರೀರವೇನೋ ಇದೆ, ಆದರೆ’ ಎಂದು ರಾಗ ಎಳೆಯುತ್ತೇನೆ. ಚೆನ್ನಾಗಿ ಅಡಿಗೆ ಮಾಡಿ ಬಡಿಸಿದರೆ ‘ಉಪ್ಪು ಒಂದು ಕಲ್ಲು ಮುಂದಾಯಿತೇನೋ’ ಎನ್ನುತ್ತೇನೆ. ಇದರಿಂದ ನನಗೆ ಊಟವೂ ಕಡಿಮೆಯಾಗಿದೆ, ಸ್ನೇಹಿತರೂ ಕಡಿಮೆಯಾಗಿದ್ದಾರೆ. ಇಂಥ ನಾನು ಯಾವ ತಕರಾರೂ ಇಲ್ಲದೆ ಮೆಚ್ಚಿದ್ದು ಒಬ್ಬರನ್ನೇ. ಅವರು ನಮ್ಮೂರಿನವರಲ್ಲ, ನಮ್ಮ ದೇಶದವರೂ ಅಲ್ಲ. ಸ್ವೀಡನ್ ಎಂಬ ಹಿಮದ ದೇಶದಿಂದ ಬಂದವರು. ಅಡಿಕೆಗಿಂತ ತುಸು ದೊಡ್ಡದಾದ ಬಿಳಿ ಚೆಂಡನ್ನು ಕೋಲಿನಿಂದ ಹೊಡೆದು, ಕಣ್ಣಿಗೆ ಕಾಣದಷ್ಟು ದೂರದ ಕುಳಿಯೊಳಗೆ ಬೀಳಿಸುವುದೇ ಅವರ ಕಸುಬು.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ನಾನು ಮಧುಗಿರಿಯ ಅಸಿಸ್ಟೆಂಟ್ ಕಮಿಷನರ್ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಸಾಹೇಬರು ವಿಲಾಯಿತಿಗೆ ಹೋಗಿ ಬಂದವರು. ಅಲ್ಲಿಂದ ಅವರು ತಂದ ಸಾಮಾನುಗಳಲ್ಲಿ ಗಾಲ್ಫಿನ ಹುಚ್ಚೂ ಒಂದು. ಬೆಟ್ಟದ ಬುಡದಲ್ಲಿದ್ದ ಬೀಳು ನೆಲವನ್ನು ಹಸನು ಮಾಡಿಸಿ, ಆರು ಕುಳಿ ತೋಡಿಸಿ, ಆಟ ಕಲಿಸುವುದಕ್ಕೆ ಬೆಂಗಳೂರಿನಿಂದ ಒಬ್ಬ ಕಸುಬುದಾರರನ್ನು ಕರೆಸಿದರು. ಅವರ ಹೆಸರು ಲಿಂಡ್‌ಕ್ವಿಸ್ಟ್. ಉದ್ದನೆಯ ಚರ್ಮದ ಚೀಲದಲ್ಲಿ ಕೋಲುಗಳನ್ನು ಹೊತ್ತು ಅವರು ಬಸ್ಸಿನಿಂದ ಇಳಿದಾಗ, ಬಂದೂಕಿರಬಹುದೆಂದು ಪೊಲೀಸ್ ದಫೇದಾರ ಚೀಲವನ್ನು ಬಿಚ್ಚಿಸಿ ಒಂದೊಂದೇ ಕೋಲನ್ನು ಮೂಸಿ ನೋಡಿದನಂತೆ.

ಇಂಗ್ಲಿಷ್ ಬರುತ್ತದೆ ಎಂಬ ಅಪವಾದ ನನ್ನ ಮೇಲಿತ್ತು. ಆದ್ದರಿಂದ ದುಭಾಷಿಯ ಕೆಲಸ ನನಗೇ ಗಂಟುಬಿತ್ತು. ಮೊದಲ ದಿನ ಹೆದರುತ್ತಲೇ ಹೋದೆ. ಆದರೆ ಅವರು ಬಾಯಿ ತೆರೆದು ನಾಲ್ಕು ಮಾತಾಡಿದ ಮೇಲೆ ಧೈರ್ಯ ಬಂತು: ಅವರ ಇಂಗ್ಲಿಷ್ ನನ್ನದಕ್ಕಿಂತ ಹರಕಾಗಿತ್ತು! ಅವರ ಹರಕನ್ನು ನನ್ನ ಹರಕಿಗೆ ಹೊಲಿದು ನಾವು ಎರಡು ತಿಂಗಳು ಸುಖವಾಗಿ ಮಾತಾಡಿಕೊಂಡೆವು.

ಅವರ ಹೆಸರನ್ನು ನಮ್ಮಮ್ಮನಿಗೆ ಹೇಳಿದ್ದು ಮಾತ್ರ ನನ್ನ ತಪ್ಪು. ಅಮ್ಮನ ಕಿವಿಗೆ ಬಿದ್ದದ್ದು ‘ಲಿಂಗ’ ಎಂಬ ಎರಡಕ್ಷರ. “ಲಿಂಗಯ್ಯ ಅಂತ ಹೆಸರಿಟ್ಕೊಂಡೋರು ಮುಸಾಫಿರ್ಖಾನೆ ಅನ್ನ ಉಣ್ಣದಾ? ಕರ್ಕೊಂಡು ಬಾ ಮನೆಗೆ” ಎಂದು ಅಪ್ಪಣೆ ಮಾಡಿದರು. ಅವರು ಕ್ರಿಸ್ತ ಮತದವರು, ನಮ್ಮವರಲ್ಲ ಎಂದು ಎಷ್ಟು ಬಿಡಿಸಿ ಹೇಳಿದರೂ, “ಹೆಸರಿಟ್ಟೋರು ತಿಳೀದೆ ಇಟ್ಟಿರ್ತಾರಾ, ಸುಮ್ಕಿರು” ಎಂದು ನನ್ನ ಬಾಯಿ ಮುಚ್ಚಿಸಿದರು. ಹೀಗೆ ಆ ಆರಡಿ ಮನುಷ್ಯ ನಮ್ಮ ಜಗಲಿಯಲ್ಲಿ ಕುಳಿತು ಮುದ್ದೆಯನ್ನು ಅಗಿದು ಅಗಿದು ತಿಂದರು. ಮೂರನೆಯ ದಿನ ನುಂಗುವುದನ್ನು ಕಲಿತರು. ಊರಿಗೆಲ್ಲ ಅವರು ಲಿಂಗಯ್ಯ ದೊರೆಯಾದರು.

ಅವರ ಕಥೆಯನ್ನು ನಾನು ಕೇಳಿದ್ದು ಆ ಜಗಲಿಯ ಮೇಲೆಯೇ. ಅವರ ತಂದೆ ಕಡಲ ತೀರದಲ್ಲಿ ದೋಣಿ ರಿಪೇರಿ ಮಾಡುತ್ತಿದ್ದರು. ಪಕ್ಕದಲ್ಲೇ ಗಾಲ್ಫ್ ಮೈದಾನ. ಅಲ್ಲಿ ವರ್ಷದಲ್ಲಿ ಅರ್ಧ ಕಾಲ ಹಿಮ. ಬಿಳಿ ಚೆಂಡು ಹಿಮದಲ್ಲಿ ಕಾಣದೆಂದು ಚೆಂಡಿಗೆ ದೋಣಿಯ ಕೆಂಪು ಬಣ್ಣ ಬಳಿದುಕೊಂಡು ಒಬ್ಬರೇ ಅಭ್ಯಾಸ ಮಾಡುತ್ತಿದ್ದರಂತೆ. ಸ್ವದೇಶದ ಪಂದ್ಯಗಳಲ್ಲಿ ಗೆದ್ದು, ಇಂಗ್ಲೆಂಡಿಗೂ ಹೋಗಿ ದೊಡ್ಡ ದೊಡ್ಡವರೊಡನೆ ಆಡಿದರು. ಅಲ್ಲಿ ಆಟವನ್ನೇ ಕಸುಬಾಗಿ ಮಾಡಿಕೊಂಡವರಿಗೆ ಕ್ಲಬ್ಬಿನ ಮುಂಬಾಗಿಲಲ್ಲಿ ಪ್ರವೇಶವಿರಲಿಲ್ಲ. ಪದಕ ಗೆದ್ದರೂ ಹಿಂಬಾಗಿಲಿನಿಂದ ಹೋಗಿ ಅಡಿಗೆಮನೆಯಲ್ಲೇ ಊಟ ಮಾಡಬೇಕು. “ನಿಮಗೆ ಬೇಜಾರಾಗಲಿಲ್ಲವೇ?” ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಅಡಿಗೆಮನೆಯಲ್ಲಿ ಊಟ ಬಿಸಿಯಾಗಿರುತ್ತಿತ್ತು” ಎಂದರು. ಮುಂದೆ ಹಡಗಿನ ಏಣಿಯಿಂದ ಬಿದ್ದು ಎಡ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಮೊದಲಿನ ಕಸುವು ಬರಲಿಲ್ಲ. ಪಂದ್ಯಗಳ ಬದುಕು ಅಲ್ಲಿಗೆ ಮುಗಿದು, ಕಲಿಸುವ ಬದುಕು ಶುರುವಾಯಿತು.

ಕಲಿಸುವುದರಲ್ಲಿ ಅವರಷ್ಟು ತಾಳ್ಮೆಯವರನ್ನು ನಾನು ಕಂಡಿಲ್ಲ. ಮೈದಾನದ ಅಂಚಿನಲ್ಲಿ ಪುಟ್ಟಕ್ಕ ಎಂಬ ಮುದುಕಿಯ ಹೊಲ ಇತ್ತು. ಸಾಹೇಬರು ಕೋಲನ್ನು ಹಾವಿನ ಕತ್ತು ಹಿಡಿದಂತೆ ಬಿಗಿಯಾಗಿ ಹಿಡಿಯುವುದನ್ನು ಆಕೆ ಬದುವಿನ ಮೇಲೆ ನಿಂತು ನೋಡಿ ನೋಡಿ ತಡೆಯಲಾರದೆ ಒಂದು ದಿನ, “ಅಂಗ್ಯಾಕೆ ಹಿಚುಕ್ತೀರಿ ಬುದ್ಧಿ, ಕೈ ಸಡ್ಲ ಬುಡಿ!” ಎಂದು ಕೂಗಿದಳು. ನನ್ನ ಜೀವ ಹೋದಂತಾಯಿತು. ಲಿಂಡ್‌ಕ್ವಿಸ್ಟರು ಅರ್ಥ ಕೇಳಿದರು. ಹೇಳಿದೆ. ಅವರ ಮುಖ ಅರಳಿತು. ತಾವು ಹದಿನೈದು ದಿನದಿಂದ ಹೇಳಬೇಕೆಂದಿದ್ದುದೇ ಅದು! ಅಂದಿನಿಂದ ಅವರ ಪಾಠವೆಲ್ಲ ಆ ಒಂದೇ ಮಾತಿನಲ್ಲಿ ನಡೆಯಿತು. ಇಡೀ ಸಬ್‌ಡಿವಿಜನ್ನನ್ನೇ ನಡುಗಿಸುವ ಸಾಹೇಬರ ಹಿಂದೆ ನಿಂತು “ಬುಡಿ, ಬುಡಿ” ಎನ್ನುತ್ತಿದ್ದರು. ಸಾಹೇಬರು ಬಿಡುತ್ತಿದ್ದರು. ಚೆಂಡು ಮೇಲೇಳುತ್ತಿತ್ತು.

ಎರಡು ತಿಂಗಳಾಗುವ ಹೊತ್ತಿಗೆ ಸಾಹೇಬರ ಸ್ನೇಹಿತರಾದ ಒಬ್ಬ ಇಂಗ್ಲಿಷ್ ಕ್ಯಾಪ್ಟನ್ ಬೇಟೆಗೆಂದು ಬಂದರು. ಅವರು ಒಂದು ದೊಡ್ಡ ಕ್ಲಬ್ಬಿನ ಮುಖ್ಯಸ್ಥರು. ಅಲ್ಲಿ ಕಾಯಂ ಶಿಕ್ಷಕರ ಕೆಲಸ ಖಾಲಿಯಿತ್ತು. ಸಾಹೇಬರು ಲಿಂಡ್‌ಕ್ವಿಸ್ಟರ ಹೆಸರು ಹೇಳಿದರು. ಕ್ಯಾಪ್ಟನ್ ನಕ್ಕು, “ಕೈ ಮುರಿದವನೇ? ನನ್ನ ಜೊತೆ ಒಂದಾಟ ಆಡಲಿ. ಗೆಲ್ಲಬೇಕಾಗಿಲ್ಲ, ಸಮ ಬಂದರೂ ಸಾಕು, ಕೆಲಸ ಅವನದು” ಎಂದರು. ಲಿಂಡ್‌ಕ್ವಿಸ್ಟರಿಗೆ ಆಗ ಐವತ್ತರ ಹತ್ತಿರ. ಕಾಯಂ ಕೆಲಸವೆಂದರೆ ಏನೆಂದು ಗುಮಾಸ್ತನಾದ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಆಟ. ಆರು ಕುಳಿಗೂ ಸೇರಿ ಯಾರು ಕಡಿಮೆ ಏಟು ಹೊಡೆಯುತ್ತಾರೋ ಅವರು ಗೆದ್ದಂತೆ. ಏಟು ಬರೆದುಕೊಳ್ಳುವ ಪುಸ್ತಕ ನನ್ನ ಕೈಗೆ ಬಂತು. ಮೂರನೆಯ ಕುಳಿಯ ಹತ್ತಿರ ಕ್ಯಾಪ್ಟನ್ನರ ಚೆಂಡು ಜಾಲಿ ಪೊದೆಯೊಳಗೆ ಹೊಕ್ಕಿತು. ಅವರು ಒಳಗೆ ನುಗ್ಗಿ ಬೈದುಕೊಳ್ಳುತ್ತ ಹೊಡೆದರು. ನಾನು ಪೊದೆಯ ಇನ್ನೊಂದು ಮಗ್ಗುಲಲ್ಲಿದ್ದೆ, ಎಣಿಸಿದೆ. ಕುಳಿ ಮುಗಿಯುವಷ್ಟರಲ್ಲಿ ಒಟ್ಟು ಏಳು. ಅವರು ಮುಳ್ಳು ಕಿತ್ತುಕೊಳ್ಳುತ್ತ “ಆರು” ಎಂದರು. ನಾನು ಅವರ ಮುಖ ನೋಡಿದೆ. ಕೆಂಪಗಿತ್ತು. ಮೀಸೆಯೂ ಇತ್ತು. ಆರು ಎಂದು ಬರೆದೆ. ಎಷ್ಟು ದುಂಡಗೆ ಬರೆದೆನೆಂದರೆ, ನನ್ನ ಸರ್ವಿಸಿನಲ್ಲೇ ಅಷ್ಟು ಚೆಂದದ ಆರನ್ನು ಬರೆದಿಲ್ಲ.

ಕೊನೆಯ ಕುಳಿಗೆ ಬಂದಾಗ ಪುಸ್ತಕದ ಪ್ರಕಾರ ಇಬ್ಬರೂ ಸಮ. ಕ್ಯಾಪ್ಟನ್ನರ ಚೆಂಡು ನೆಟ್ಟಗೆ ಹೋಯಿತು. ಲಿಂಡ್‌ಕ್ವಿಸ್ಟರು ಹೊಡೆಯುವಾಗ ಎಡಗೈ ಕೈಕೊಟ್ಟಿತು. ಚೆಂಡು ವಾಲಿಕೊಂಡು ಹೋಗಿ ಪುಟ್ಟಕ್ಕನ ಹೊಲದಲ್ಲಿ ಬಿತ್ತು. ಆಕೆ ರಾಗಿ ಪೈರು ನಾಟಿ ಹಾಕಿ ನಾಲ್ಕೇ ದಿನವಾಗಿತ್ತು. ಅಲ್ಲಿಂದಲೇ ಹೊಡೆಯಬಹುದಿತ್ತು, ಕಬ್ಬಿಣದ ಕೋಲು ಚೆಂಡಿನ ಜೊತೆ ಒಂದು ಹೆಂಟೆ ಮಣ್ಣನ್ನೂ ಪೈರನ್ನೂ ಕಿತ್ತುಕೊಂಡು ಹೋಗುತ್ತಿತ್ತು, ಅಷ್ಟೆ. ಚೆಂಡನ್ನು ಎತ್ತಿ ಹೊರಗೆ ಹಾಕಿಕೊಂಡರೆ ದಂಡವಾಗಿ ಲೆಕ್ಕಕ್ಕೆ ಒಂದು ಏಟು ಸೇರುತ್ತಿತ್ತು.

ಊರಿನಲ್ಲಿ ಯಾವ ಸುದ್ದಿ ಗುಟ್ಟಾಗಿ ನಿಲ್ಲುತ್ತದೆ? ಕೆಲಸದ ವಿಷಯ ಪುಟ್ಟಕ್ಕನಿಗೂ ಗೊತ್ತಿತ್ತು. ಓಡಿ ಬಂದು, “ಹೊಡ್ಕಳಿ ದೊರೆ! ನಾಕು ಪೈರು ಹೋದ್ರೆ ಇನ್ನೊಂದ್ಸಲ ನೆಟ್ಕತೀನಿ. ನಿಮ್ಮ ಕೆಲ್ಸ ಹೋಗಾದು ಬ್ಯಾಡ. ಏ ರುದ್ರಯ್ಯ, ಹೇಳೋ ಅವ್ರಿಗೆ!” ಎಂದಳು.

ನಾನು ಹೇಳಿದೆ. ಅವರು ಪೈರನ್ನು ನೋಡಿದರು, ಆಕೆಯನ್ನು ನೋಡಿದರು. “ಇದನ್ನು ನೆಡುವಾಗ ಈಕೆ ಎಷ್ಟು ಸಲ ಬಗ್ಗಿದಳೆಂದು ನಾನು ನೋಡಿದ್ದೇನೆ. ನಾನು ಒಂದು ಸಲ ಬಗ್ಗಿದರೆ ನಷ್ಟವಿಲ್ಲ ಎಂದು ಹೇಳಿ” ಎಂದರು. ಸಾಲುಗಳ ನಡುವೆ ತುದಿಗಾಲಿನಲ್ಲಿ ನಡೆದು ಹೋಗಿ, ಬಗ್ಗಿ ಚೆಂಡನ್ನು ಎತ್ತಿಕೊಂಡು ಬಂದರು. “ನನಗೆ ಒಂದು ಸೇರಿಸಿ” ಎಂದರು. ಸೇರಿಸಿದೆ. ಆಟ ಮುಗಿದಾಗ ಅವರು ಸೋತದ್ದು ಆ ಒಂದೇ ಏಟಿನಲ್ಲಿ. ಕ್ಯಾಪ್ಟನ್ ಕೈ ಕುಲುಕಿ, ಕೆಲಸದ ಮಾತು ಎತ್ತದೆ, ತಿಂಡಿಗೆ ಹೊರಟರು. ಪುಟ್ಟಕ್ಕ ಬದುವಿನ ಮೇಲೆ ಕುಳಿತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅವರು ಬೆಂಗಳೂರಿಗೆ ಹೊರಟ ದಿನ ಬಸ್ಸಿನ ಹತ್ತಿರ ನನಗೆ ತಡೆಯಲಾಗಲಿಲ್ಲ. ಪೊದೆಯ ಏಳು, ಪುಸ್ತಕದ ಆರು ಎಲ್ಲವನ್ನೂ ಹೇಳಿದೆ. ನಿಜವನ್ನೇ ಬರೆದಿದ್ದರೆ ಆಟ ಸಮ, ಕೆಲಸ ನಿಮ್ಮದು ಎಂದೆ.

“ಗೊತ್ತು. ನಾನೂ ಎಣಿಸುತ್ತಿದ್ದೆ” ಎಂದರು.

“ಮತ್ತೆ ಯಾಕೆ ಸುಮ್ಮನಿದ್ದಿರಿ?”

“ಹೇಳಿದ್ದರೆ ಅವರು ನಿಮ್ಮನ್ನು ಸಾಕ್ಷಿ ಕೇಳುತ್ತಿದ್ದರು. ನಿಮಗೂ ಕೆಲಸ ಇದೆ, ತಾಯಿ ಇದ್ದಾರೆ.” ನನ್ನ ಭುಜ ಹಿಡಿದು ನಕ್ಕರು. “ಬುಡಿ” ಎಂದರು.

ಆಟದ ದಿನ ಅವರು ಪೈರು ಉಳಿಸಿದ್ದನ್ನು ಹೊಲದ ಬದುವಿನಲ್ಲಿ ನಿಂತು ನೋಡಿದ್ದ ನಮ್ಮ ಸಾಹೇಬರು ಸುಮ್ಮನಿರಲಿಲ್ಲ. ಸಿಂಹಳದ ಚಹಾ ತೋಟದ ಸ್ನೇಹಿತರೊಬ್ಬರಿಗೆ ತಾವೇ ಕೂತು ಪತ್ರ ಬರೆದರು. ಲಿಂಡ್‌ಕ್ವಿಸ್ಟರಿಗೆ ಅಲ್ಲಿಯ ಕ್ಲಬ್ಬಿನಲ್ಲಿ ಕೆಲಸ ಸಿಕ್ಕಿತು. ಆರು ತಿಂಗಳ ಮೇಲೆ ನನಗೊಂದು ಕಾಗದ ಬಂತು: ಮೈದಾನ ಹಸಿರಾಗಿದೆ, ಮಣಿಕಟ್ಟು ಮಳೆಗಾಲದಲ್ಲಿ ನೋಯುತ್ತದೆ, ಮುಂಬಾಗಿಲಿನಿಂದಲೇ ಒಳಗೆ ಹೋಗುತ್ತೇನೆ, ಊಟ ಮಾತ್ರ ತಣ್ಣಗಿರುತ್ತದೆ.

ಲಿಂಗಯ್ಯ ದೊರೆಯ ನಡತೆ ನನ್ನನ್ನು ತಿದ್ದದೆ ಬಿಡಲಿಲ್ಲ. ಅದುವರೆಗೆ ಕಚೇರಿಗೆ ಎಷ್ಟು ಹೊತ್ತಿಗೆ ಬಂದರೂ ಹಾಜರಿ ಪುಸ್ತಕದಲ್ಲಿ ಹನ್ನೊಂದು ಗಂಟೆ ಎಂದೇ ಬರೆಯುತ್ತಿದ್ದವನು, ಅವರು ಹೋದ ಮಾರನೆಯ ದಿನ ನಿಜವಾದ ಹೊತ್ತನ್ನೇ ಬರೆದೆ: ಹನ್ನೊಂದು ಇಪ್ಪತ್ತು. ಶಿರಸ್ತೇದಾರರು ಕನ್ನಡಕ ಏರಿಸಿ ನನ್ನನ್ನು ನೋಡಿದರು. ಎರಡನೆಯ ದಿನ ಹನ್ನೊಂದು ಹದಿನೈದು, ಕರೆದು ಬೈದರು. ಮೂರನೆಯ ದಿನ ಹನ್ನೊಂದೂ ಕಾಲಾಗಿ ಎರಡು ನಿಮಿಷ. ಸಮಜಾಯಿಷಿ ಕೇಳಿ ಮೆಮೊ ಕೊಟ್ಟರು. ನಾಲ್ಕನೆಯ ದಿನ ಓಡುತ್ತ ಬಂದು ಹನ್ನೊಂದಕ್ಕೆ ಸರಿಯಾಗಿ ಸಹಿ ಹಾಕಿದೆ. ಸತ್ಯ ಹೇಳುವುದಕ್ಕಿಂತ ಹೊತ್ತಿಗೆ ಸರಿಯಾಗಿ ಬರುವುದೇ ಸುಲಭವೆಂದು ಕಂಡುಕೊಂಡ ಮೇಲೆ, ನಿವೃತ್ತಿಯಾಗುವವರೆಗೂ ಒಂದು ದಿನವೂ ತಡವಾಗಿ ಹೋಗಲಿಲ್ಲ. ಬೀಳ್ಕೊಡುಗೆಯ ಸಭೆಯಲ್ಲಿ ನನ್ನ ಶಿಸ್ತನ್ನು ಎಲ್ಲರೂ ಕೊಂಡಾಡಿದರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಯಾರನ್ನೂ ತಿದ್ದಲು ಹೋಗಲಿಲ್ಲ.