ಗಿಟ್ಟತೈತೇನ್ರಿ ಸರ್?

ಸರ್ಕಾರ ನನ್ನಂಥವರಿಗೆ ಸಂಬಳದ ಜೊತೆಗೆ ಇನ್ನೊಂದು ಭಾಗ್ಯವನ್ನೂ ಕರುಣಿಸಿದೆ. ಅದು ಹಸಿರು ಶಾಯಿಯಲ್ಲಿ ಸಹಿ ಹಾಕುವ ಅಧಿಕಾರ. ಕಾಲೇಜಿನಲ್ಲಿ ನನ್ನ ಅರ್ಥಶಾಸ್ತ್ರದ ಪಾಠವನ್ನು ಹಿಂದಿನ ಬೆಂಚಿನವರು ಕೇಳುವುದಿಲ್ಲ. ಮನೆಯಲ್ಲಿ ಬೆಂಚುಗಳಿಲ್ಲ, ಆದರೂ ಯಾರೂ ಕೇಳುವುದಿಲ್ಲ. ಆದರೆ ವಿಜಯನಗರದ ನಮ್ಮ ರಸ್ತೆಯಲ್ಲಿ ಯಾರಿಗೇ ಆಗಲಿ ಮಾರ್ಕ್ಸ್ ಕಾರ್ಡಿನ ಜೆರಾಕ್ಸಿಗೆ ಗೆಜೆಟೆಡ್ ಆಫೀಸರ ಸಹಿ ಬೇಕಾದರೆ ನನ್ನ ಬಾಗಿಲನ್ನೇ ತಟ್ಟಬೇಕು. ನಾನು ಬಾಯಿ ಮುಕ್ಕಳಿಸುವ ಹೊತ್ತಿಗಾಗಲೇ ಗೇಟಿನ ಹತ್ತಿರ ಒಬ್ಬರೋ ಇಬ್ಬರೋ ಪ್ಲಾಸ್ಟಿಕ್ ಕವರು ಹಿಡಿದು ನಿಂತಿರುತ್ತಾರೆ. "ನಮ್ಮನೆ ಹಿಟ್ಟಿನ ಗಿರಣಿ ಆಗೋಯ್ತು ಕಣ್ರೀ. ಗಿರಣಿಯವನಾದ್ರೆ ಕಾಸಾದ್ರೂ ಇಸ್ಕೋತಾನೆ" ಎಂದು ನನ್ನ ಹೆಂಡತಿ ಶಾರದಾ ಗೊಣಗುತ್ತಾಳೆ. ಗೊಣಗುತ್ತಲೇ ಬಂದವರಿಗೆ ಕುರ್ಚಿ ಹಾಕುತ್ತಾಳೆ.

ಹೀಗೆ ವರ್ಷಗಟ್ಟಲೆ ಸಹಿ ಹಾಕಿದ ಮೇಲೆ ನನಗೆ ಗೊತ್ತಾದ ಒಂದು ಸಂಗತಿಯಿದೆ. ಬಂದವರೇ ಮತ್ತೆ ಮತ್ತೆ ಬರುತ್ತಾರೆ. ಮಾರ್ಕ್ಸ್ ಕಾರ್ಡು ಮೊದಲಿದ್ದಂತೆಯೇ ಇರುತ್ತದೆ, ತಂದವರ ತಲೆಗೂದಲು ಮಾತ್ರ ತೆಳ್ಳಗಾಗಿರುತ್ತದೆ. ಅವರ ಮುಖ ನೋಡಲಾಗದೆ ನಾನು ಬೇಗ ಬೇಗ ಸಹಿ ಮಾಡಿ ಕಳಿಸುತ್ತೇನೆ. ನಮ್ಮ ಪಕ್ಕದ ಬೀದಿಯ ಪ್ಲಂಬರ್ ಎಸ್ಸೆಸ್ಸೆಲ್ಸಿ ಮುಗಿಸಿದವರಲ್ಲ. ಕಳೆದ ವರ್ಷ ಎರಡು ಅಂತಸ್ತಿನ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದರು. ನನ್ನ ಬಾಡಿಗೆ ಮನೆಯಿಂದ ಹೊರಟು, ಅವರ ಮನೆಯಲ್ಲಿ ಹೋಳಿಗೆ ಊಟ ಮಾಡಿ, ವಿದ್ಯೆಯ ಮಹತ್ವದ ಬಗ್ಗೆ ನಾಲ್ಕು ಮಾತಾಡಿ ಬಂದವನು ನಾನು. ಅವರು ಬಹಳ ಗೌರವದಿಂದ ಕೇಳಿಸಿಕೊಂಡರು.

ಶಿವಾನಂದ ನಮ್ಮ ಮನೆಗೆ ಮೊದಲು ಬಂದದ್ದು ಕೊರಿಯರ್ ಕೊಡಲು. ಗದಗದ ಕಡೆಯವನು. ಎಂ.ಎ. ಮಾಡಿ, ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದು, ಅನ್ನಪೂರ್ಣೇಶ್ವರಿ ನಗರದ ಒಂದು ಕೋಣೆಯಲ್ಲಿ ಇನ್ನೂ ನಾಲ್ವರ ಜೊತೆಗಿದ್ದ. ಗೇಟಿನ ಮೇಲಿನ ನನ್ನ ಹೆಸರು, ಹುದ್ದೆ ನೋಡಿ, "ಸರ್, ನೀವು ಅಟೆಸ್ಟ್ ಮಾಡ್ತೀರೇನ್ರಿ?" ಎಂದು ಕೇಳಿದ. ಅಲ್ಲಿಂದಾಚೆಗೆ ನಾಲ್ಕು ವರ್ಷ ಯಾವ ಹುದ್ದೆಗೆ ಅರ್ಜಿ ಕರೆದರೂ ಬರುತ್ತಿದ್ದ. ಅವನ ಪದವಿ ಪ್ರಮಾಣಪತ್ರದಲ್ಲಿ ಒಂದು ಮಡಿಕೆಯೂ ಇರಲಿಲ್ಲ. ರಟ್ಟಿನ ನಡುವೆ ಇಟ್ಟು, ಮೇಲೊಂದು ಕವರು ಹಾಕಿ, ಕೊರಿಯರ್ ಚೀಲಕ್ಕೆ ತಾಗದಂತೆ ಬೇರೆಯಾಗಿ ತರುತ್ತಿದ್ದ.

ಏಪ್ರಿಲ್ಲಿನ ಒಂದು ಬೆಳಿಗ್ಗೆ ಅವನು ಬಂದಾಗ ಮುಖದಲ್ಲಿ ಎಂದೂ ಕಾಣದ ಗೆಲುವಿತ್ತು. ಒಂದು ಕಚೇರಿಯ ಗುಮಾಸ್ತನ ಕೆಲಸಕ್ಕೆ ಅವನ ಹೆಸರು ಮೊದಲ ಪಟ್ಟಿಯಲ್ಲಿ ಬಂದಿತ್ತು. ಗುರುವಾರ ಮೂಲ ದಾಖಲೆ ತೋರಿಸಬೇಕು, ಜೊತೆಗೆ ದೃಢೀಕರಿಸಿದ ಪ್ರತಿ ಕೊಡಬೇಕು. ನಾನು ಪೆನ್ನು ತೆಗೆದೆ. ಅವನು ಕುರ್ಚಿಯ ಅಂಚಿನಲ್ಲಿ ಕೂತು, "ಸರ್, ಇನ್ನೊಂದು ಮಾತು ಕೇಳಬೇಕಾಗಿತ್ರಿ" ಎಂದ. ತಂಗಿ ಕಸ್ತೂರಿ ಪಿಯುಸಿ ಪರೀಕ್ಷೆ ಬರೆದಿದ್ದಾಳೆ, ಓದುತ್ತೇನೆ ಎನ್ನುತ್ತಾಳೆ. ಇತ್ತ ನಾಯಂಡಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಅವಳಿಗೆ ಕೆಲಸ ಕೊಡಲು ಒಪ್ಪಿದ್ದಾರೆ. ಅಪ್ಪ ತೀರ್ಮಾನವನ್ನು ಮಗನಿಗೇ ಬಿಟ್ಟಿದ್ದಾರೆ.

"ಗಾರ್ಮೆಂಟ್ಸಿಗೆ ಹೋದ್ರ ಬರೋ ತಿಂಗಳದಿಂದನ ಪಗಾರ ರೀ. ಕಾಲೇಜಿಗೆ ಹಾಕಿದ್ರ ಮೂರು ವರ್ಷ ಬರೀ ಖರ್ಚು. ನನ್ನ ನೋಡ್ರಿ, ಎಂ.ಎ. ಮಾಡಿ ಕೊರಿಯರ್ ಹಂಚಾಕತ್ತೀನಿ. ನೀವು ಎಕನಾಮಿಕ್ಸ್ ಹೇಳೋರು. ಡಿಗ್ರಿ ಮಾಡ್ಸಿದ್ರ ಗಿಟ್ಟತೈತೇನ್ರಿ ಸರ್?"

ಇಷ್ಟು ವರ್ಷದ ಸರ್ವಿಸಿನಲ್ಲಿ ಯಾವ ವಿದ್ಯಾರ್ಥಿಯೂ ನನ್ನನ್ನು ಇಷ್ಟು ನೇರವಾದ ಪ್ರಶ್ನೆ ಕೇಳಿರಲಿಲ್ಲ. ಉತ್ತರ ಗೊತ್ತಿಲ್ಲದಾಗ ಅಧ್ಯಾಪಕರು ಭಾಷಣ ಮಾಡುತ್ತಾರೆ, ನಾನೂ ಮಾಡಿದೆ. "ನೋಡಪ್ಪಾ, ಓದನ್ನ ದುಡ್ಡಿನಲ್ಲಿ ಅಳೀಬಾರದು" ಎಂದು ಶುರು ಮಾಡಿದೆ.

"ಅಳೀಬ್ಯಾಡ್ರಿ ಸರ್, ಅಂದಾಜರ ಹೇಳ್ರಿ" ಎಂದ.

ನನಗೆ ಇನ್ನಷ್ಟು ಹುರುಪು ಬಂತು. ವ್ಯಕ್ತಿತ್ವ ಎಂದೆ, ಸಮಾಜ ಎಂದೆ, ಹೆಣ್ಣೊಬ್ಬಳು ಓದಿದರೆ ಎಂದೆ. ಬಾಯಿ ಅದರ ಪಾಡಿಗೆ ಮಾತಾಡುತ್ತಿತ್ತು, ಕೈ ಅದರ ಪಾಡಿಗೆ ಮೊಹರು ಒತ್ತಿ ಸಹಿ ಹಾಕುತ್ತಿತ್ತು. ಶಿವಾನಂದ ಧಡಕ್ಕನೆ ಎದ್ದು ನಿಂತ. "ಸರ್, ಅದು ಒರಿಜಿನಲ್ರಿ!"

ಕೆಳಗೆ ನೋಡಿದೆ. ವಿಶ್ವವಿದ್ಯಾಲಯದ ಲಾಂಛನದ ಪಕ್ಕದಲ್ಲಿ 'ಟ್ರೂ ಕಾಪಿ' ಎಂಬ ನನ್ನ ಮೊಹರು ಅಚ್ಚುಕಟ್ಟಾಗಿ ಕೂತಿತ್ತು. ಅದರ ಕೆಳಗೆ ಹಸಿರು ಶಾಯಿಯಲ್ಲಿ ನನ್ನ ಉದ್ದನೆಯ ಸಹಿ. ಜೆರಾಕ್ಸ್ ಪ್ರತಿ ಪಕ್ಕದಲ್ಲಿ ಬೆಳ್ಳಗೆ ಬಿದ್ದುಕೊಂಡಿತ್ತು. ಶಿವಾನಂದ ಕರ್ಚೀಫಿನ ತುದಿಯಿಂದ ಮೆಲ್ಲಗೆ ಒತ್ತಿದ, ಹಸಿರು ಇನ್ನಷ್ಟು ಹರಡಿತು. "ಉಜ್ಜಬೇಡಪ್ಪ, ಉಜ್ಜಬೇಡ" ಎನ್ನುತ್ತಾ ಒಳಗಿನಿಂದ ಬಂದ ಶಾರದಾ ಕಾಗದವನ್ನು ನೋಡಿ, ನನ್ನನ್ನು ನೋಡಿ, ಮೊಹರನ್ನು ಎತ್ತಿ ದೂರ ಇಟ್ಟಳು. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಾನು ಅವಸರದಲ್ಲಿ ಇನ್ನೊಂದು ತಪ್ಪು ಮಾಡಿದೆ. "ಎಷ್ಟಾಗುತ್ತೆ ಹೇಳು, ಕೊಟ್ಟುಬಿಡ್ತೀನಿ" ಎಂದೆ. ಓದನ್ನು ದುಡ್ಡಿನಲ್ಲಿ ಅಳೆಯಬಾರದು ಎಂದು ಹೇಳಿ ಐದು ನಿಮಿಷವೂ ಆಗಿರಲಿಲ್ಲ. ಶಿವಾನಂದ ನನ್ನ ಮುಖವನ್ನೇ ನೋಡಿದ. "ಇದರಿಂದ ಒಂದು ರೂಪಾಯಿ ಬಂದಿಲ್ರಿ ಸರ್. ಆದ್ರ ನಮ್ಮ ಮನ್ಯಾಗ ಇದೊಂದ ಐತ್ರಿ" ಎಂದ.

ಕಳೆದುಹೋದ ಸರ್ಟಿಫಿಕೇಟಿಗೆ ಒಂದು ದಾರಿಯಿದೆ. ಪೊಲೀಸರಿಗೆ ದೂರು ಕೊಟ್ಟು, ಅಫಿಡವಿಟ್ ಮಾಡಿಸಿ, ತಿಂಗಳುಗಟ್ಟಲೆ ಕಾದರೆ ಇನ್ನೊಂದು ಸಿಗುತ್ತದೆ. ಗೆಜೆಟೆಡ್ ಆಫೀಸರು ಕೆಡಿಸಿದ ಸರ್ಟಿಫಿಕೇಟಿಗೆ ಯಾವ ಫಾರಂ ಇದೆಯೆಂದು ಯಾರಿಗೂ ತಿಳಿಯದು. ಗುರುವಾರ ರಜೆ ಹಾಕಿ ನಾನೇ ಅವನ ಜೊತೆಗೆ ಹೋದೆ. ಕೌಂಟರಿನಲ್ಲಿದ್ದ ಗುಮಾಸ್ತರು ಕಾಗದವನ್ನು ಬೆಳಕಿಗೆ ಹಿಡಿದರು.

"ಒರಿಜಿನಲ್ ತನ್ನಿ ಅಂದ್ರೆ ಟ್ರೂ ಕಾಪಿ ತಂದಿದೀರಲ್ಲ?"

"ಇದೇ ಒರಿಜಿನಲ್ ಸಾರ್" ಎಂದೆ.

"ಯಾರೋ ಗೆಜೆಟೆಡ್ ಆಫೀಸರು ಕಾಪಿ ಅಂತ ಸೈನ್ ಹಾಕಿದಾರಲ್ಲ ಸಾರ್. ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ?"

"ಆ ಆಫೀಸರು ನಾನೇ."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ಕೈ ಮುಗಿದೆ. ನನ್ನ ಸಹಿ ಸುಳ್ಳೆಂದು ನಾನೇ ಬರೆದು, ಅದರ ಕೆಳಗೆ ಮತ್ತೆ ಅದೇ ಹಸಿರು ಸಹಿ ಹಾಕಿಕೊಟ್ಟೆ. ಮೇಲಧಿಕಾರಿಯ ಕೋಣೆಯ ಮುಂದೆ ಮಧ್ಯಾಹ್ನದವರೆಗೆ ನಿಂತು, ಅಲ್ಲಿಯೂ ಕೈ ಮುಗಿದೆ. ಕೊನೆಗೆ ಕಾಗದವನ್ನು ಒಪ್ಪಿಕೊಂಡರು.

ಆದರೆ ಕೊನೆಯ ಪಟ್ಟಿಯಲ್ಲಿ ಶಿವಾನಂದನ ಹೆಸರು ಬರಲಿಲ್ಲ. "ನಿಮ್ಮ ಮೊಹರಿನಿಂದ ಅಲ್ರಿ ಸರ್, ಮಾರ್ಕ್ಸ್ ಕಡಿಮಿ ಬಿತ್ತು" ಎಂದು ಅವನೇ ನನಗೆ ಸಮಾಧಾನ ಹೇಳಿ ಕೊರಿಯರ್ ಚೀಲ ಹೆಗಲಿಗೇರಿಸಿಕೊಂಡು ಹೋದ. ಆ ಮಾತು ನಿಜವೇ ಎಂದು ವಿಚಾರಿಸುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಕಸ್ತೂರಿ ಇಷ್ಟು ಹೊತ್ತಿಗೆ ನಾಯಂಡಹಳ್ಳಿಯಲ್ಲಿ ಹೊಲಿಗೆ ಮಷೀನಿನ ಮುಂದೆ ಕೂತಿರಬೇಕೆಂದು ಎಣಿಸಿ ಸಂಕಟಪಟ್ಟೆ.

ಜೂನಿನ ಒಂದು ಭಾನುವಾರ ಗೇಟು ಸದ್ದಾಯಿತು. ಶಿವಾನಂದ, ಅವನ ಹಿಂದೆ ಎರಡು ಜಡೆಯ ಹುಡುಗಿ. ಕೈಯಲ್ಲಿ ಪಿಯುಸಿ ಮಾರ್ಕ್ಸ್ ಕಾರ್ಡು, ಬಿ.ಎ. ಸೇರುವ ಅರ್ಜಿ. ನನ್ನ ಎದೆ ಉಬ್ಬಿತು. "ಹಾಗಾದ್ರೆ ಅವತ್ತು ನಾನು ಹೇಳಿದ್ದು ಮನಸ್ಸಿಗೆ ನಾಟಿತು ಅನ್ನು" ಎಂದೆ.

"ನೀವು ಹೇಳಿದ್ದು ಅಷ್ಟ ಪೂರಾ ತಿಳೀಲಿಲ್ರಿ" ಎಂದು ಅವನು ಸಂಕೋಚಪಟ್ಟ. "ಆದ್ರ ಕೌಂಟರ್ ಮುಂದ ನೀವು ಕೈ ಮುಗಿದು ನಿಂತದ್ದು ನೋಡಿದೆ. ಇಷ್ಟು ದೊಡ್ಡೋರು ಬೆಲಿ ಇಲ್ಲದ ಕಾಗದಕ್ಕ ಹಂಗ ನಿಲ್ತಾರೇನ್ರಿ? ಗಿಟ್ಟತೈತೋ ಇಲ್ಲೋ ದೇವರಿಗೇ ಗೊತ್ತು. ಓದ್ಲಿ ಅಂದೆ."

ನಾನು ಅಂದು ಕೈ ಮುಗಿದದ್ದರಲ್ಲಿ ಅವನ ಪದವಿಯ ಪಾಲೆಷ್ಟು, ಮೇಲಿನವರಿಗೆ ದೂರು ಹೋದರೆ ನನ್ನ ಕೆಲಸಕ್ಕೆ ಕುತ್ತು ಬಂದೀತೆಂಬ ಭಯದ ಪಾಲೆಷ್ಟು ಎಂದು ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಒಂದು ಹುಡುಗಿಯ ಮೂರು ವರ್ಷ ನನ್ನ ಹೆದರಿಕೆಯ ಮೇಲೆ ನಿಂತಿದೆ ಎಂದು ಯಾವ ಬಾಯಿಂದ ಹೇಳಲಿ? ಪೆನ್ನು ತೆಗೆದು, ಒರಿಜಿನಲ್ ಕೊಡಮ್ಮಾ ಎಂದು ಕೈ ಚಾಚಿದೆ.

ಕಸ್ತೂರಿ ಜೆರಾಕ್ಸನ್ನು ಮೇಜಿನ ಮೇಲಿಟ್ಟಳು. ಮಾರ್ಕ್ಸ್ ಕಾರ್ಡನ್ನು ಎರಡೂ ಕೈಯಲ್ಲಿ ಎದೆಗೆ ಅವಚಿ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದಳು.

"ಇದು ನನ್ನ ಕಡೇನ ಇರ್ಲಿ ಸರ್" ಎಂದು ಅದನ್ನು ನನ್ನ ಕಡೆಗೆ ತಿರುಗಿಸಿದಳು. "ನೀವು ಅಲ್ಲಿಂದನ ನೋಡ್ರಿ."

ನಾನು ಕನ್ನಡಕ ಸರಿಮಾಡಿಕೊಂಡು, ಅಲ್ಲಿಂದಲೇ ನೋಡಿದೆ.